ಗುಡ್ಡದ ಮರ ಕಡಿಸುವ ಮೊದಲು ಅಬ್ಬಿ ನೀರಿನ ಲೆಕ್ಕ ಹಾಕುವುದು ಹೇಗೆ

ಅಡಿಕೆ ಕೊಯ್ಲಿನ ಗಡಿಬಿಡಿ ಸ್ವಲ್ಪ ತಣ್ಣಗಾಗುವ ಹೊತ್ತಿಗೆ ಮಲೆನಾಡಿನ ಮನೆಗಳಿಗೆ ಮರದ ವ್ಯಾಪಾರಿಗಳು ಬರತೊಡಗುತ್ತಾರೆ. ಜಗಲಿಯಲ್ಲಿ ಕೂತು ಕವಳ ಹಾಕುತ್ತಾರೆ. ಮೇಲಿನ ಗುಡ್ಡದ ಕಡೆ ಒಮ್ಮೆ ಕಣ್ಣು ಹಾಯಿಸಿ, "ಎಲ್ಲ ಸೇರಿ ಇಷ್ಟು ಕೊಡ್ತೇನೆ" ಎಂದು ಒಂದು ಮೊತ್ತ ಹೇಳುತ್ತಾರೆ. ಮನೆಯಲ್ಲಿ ಮದುವೆಯೋ, ಮಕ್ಕಳ ಫೀಸೋ, ಸೊಸೈಟಿ ಸಾಲವೋ ಇದ್ದರೆ ಆ ಮೊತ್ತ ದೊಡ್ಡದಾಗಿಯೇ ಕಾಣುತ್ತದೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ತೋಟದ ನೆತ್ತಿಯ ಮೇಲಿನ ಎರಡು ಎಕರೆ ಗುಡ್ಡವನ್ನು ಒಂದೇ ಬೇಸಿಗೆಯಲ್ಲಿ ಪೂರ್ತಿ ಬೋಳು ಮಾಡಿಸಿದೆವು. ಮುಂದಿನ ಮಳೆಗಾಲ ಹಳ್ಳ ಕೆಂಪಗೆ ತುಂಬಿ ಹರಿಯಿತು, ನೀರು ಜಾಸ್ತಿಯೇ ಆಯಿತಲ್ಲ ಎಂದುಕೊಂಡೆವು. ಮೂರನೇ ವರ್ಷ ಏಪ್ರಿಲ್ ಎರಡನೇ ವಾರಕ್ಕೆ ಅಬ್ಬಿ, ಅಂದರೆ ಗುಡ್ಡದ ಒರತೆಯಿಂದ ತಾನಾಗಿಯೇ ಇಳಿದು ಬರುವ ನೀರು, ನಿಂತಿತು. ಅಜ್ಜನ ಕಾಲದಲ್ಲಿ ಅಡಿಕೆ ದಬ್ಬೆಯಲ್ಲಿ, ಆಮೇಲೆ ಪೈಪಿನಲ್ಲಿ, ಒಂದು ಪೈಸೆ ಖರ್ಚಿಲ್ಲದೆ ಅಂಗಳಕ್ಕೆ ಬಂದು ಬೀಳುತ್ತಿದ್ದ ನೀರು ಅದು. ಮರ ಮಾರಿದ ದುಡ್ಡಿನಲ್ಲಿ ಒಂದು ಪಾಲು ಬೋರ್‌ವೆಲ್ಲಿಗೆ ಹೋಯಿತು, ಮೊದಲನೆಯದು ಖಾಲಿ, ಎರಡನೆಯದರಲ್ಲಿ ನೀರು ಸಿಕ್ಕಿತು.

ಮರ ಕಡಿಯಲೇಬಾರದು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಗುಡ್ಡವೂ ಆದಾಯ ಕೊಡಬೇಕು, ಇಲ್ಲದಿದ್ದರೆ ಯಾರೂ ಅದನ್ನು ಇಟ್ಟುಕೊಳ್ಳುವುದಿಲ್ಲ. ಆದರೆ ಗುಡ್ಡ ಎರಡು ಬೆಳೆ ಕೊಡುತ್ತದೆ, ನಾಟಾ (ಅಂದರೆ ಮರಮುಟ್ಟು) ಮತ್ತು ನೀರು. ವ್ಯಾಪಾರಿ ಒಂದಕ್ಕೆ ಮಾತ್ರ ಬೆಲೆ ಹೇಳುತ್ತಾನೆ. ಇನ್ನೊಂದರ ಬೆಲೆ ನಾವೇ ಹಾಕಬೇಕು, ಅದನ್ನು ಹಾಕುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಬೇಕಾಗುವ ಸಾಮಾನು ಒಂದು ಬಕೆಟ್, ಒಂದು ಟೇಪು, ಒಂದು ನೋಟ್‌ಬುಕ್ಕು. ಮತ್ತೆ ಒಂದು ವರ್ಷದ ತಾಳ್ಮೆ.

ಮೊದಲು ಬಕೆಟ್

ಅಬ್ಬಿಯ ಬಾಯಲ್ಲಿ, ಅಂದರೆ ಪೈಪು ಶುರುವಾಗುವ ಜಾಗದಲ್ಲಿ, 15 ಲೀಟರಿನ ಬಕೆಟ್ ಹಿಡಿಯಿರಿ. ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಮೊಬೈಲಿನಲ್ಲಿ ನೋಡಿ. ಮೂರು ಸಲ ಹಿಡಿದು ಸರಾಸರಿ ಬರೆಯಿರಿ. 30 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರ್, ದಿನಕ್ಕೆ 43,200 ಲೀಟರ್. ನೀರು ಹರಡಿಕೊಂಡು ಹರಿಯುತ್ತಿದ್ದರೆ ಮಣ್ಣಿನ ಸಣ್ಣ ಒಡ್ಡು ಹಾಕಿ, ಒಂದು ಪೈಪಿನ ತುಂಡಿನಿಂದ ಹೊರಗೆ ಬರುವ ಹಾಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಅಳತೆ ಸರಿಬರುವುದಿಲ್ಲ.

ಡಿಸೆಂಬರಿನಿಂದ ಮೊದಲ ದೊಡ್ಡ ಮಳೆ ಬೀಳುವವರೆಗೆ ಹದಿನೈದು ದಿನಕ್ಕೊಮ್ಮೆ ಇದನ್ನು ಮಾಡಿ. ಡಿಸೆಂಬರಿನ ಅಂಕಿ ನೋಡಿ ಖುಷಿಪಡಬೇಡಿ, ಆಗ ಎಲ್ಲರ ಮನೆಯಲ್ಲೂ ನೀರು ಇರುತ್ತದೆ. ನಿಮಗೆ ಬೇಕಾದ್ದು ಏಪ್ರಿಲ್ 15ರಿಂದ ಮೇ ಕೊನೆಯವರೆಗಿನ ಅಂಕಿ. ಈ ಒಂದೂವರೆ ತಿಂಗಳ ನೀರಿಗೆ ಮಾತ್ರ ನಿಜವಾದ ಬೆಲೆ ಇರುವುದು.

ಈಗ ನಿಮ್ಮ ಅಗತ್ಯ ಎಷ್ಟು ಎಂದು ನೋಡಿ. ಒಂಬತ್ತು ಅಡಿಗೆ ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಹತ್ತಿರ ಹತ್ತಿರ 540 ಅಡಿಕೆ ಮರ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಅಂದರೆ ಎಕರೆಗೆ ದಿನಕ್ಕೆ ಸುಮಾರು 10,000 ಲೀಟರ್. ಮೇಲಿನ ಲೆಕ್ಕದ ಅಬ್ಬಿ ಏಪ್ರಿಲಿನಲ್ಲೂ ನಿಮಿಷಕ್ಕೆ 30 ಲೀಟರ್ ಕೊಡುತ್ತಿದ್ದರೆ ನಾಲ್ಕು ಎಕರೆ ತೋಟವನ್ನು ಅದೊಂದೇ ಸಾಕುತ್ತದೆ. ಬಹಳ ಮನೆಗಳಲ್ಲಿ ಅಬ್ಬಿ ನೀರು ಎಂದರೆ ಬಚ್ಚಲು, ಕೊಟ್ಟಿಗೆಯ ನೀರು ಎಂಬ ಲೆಕ್ಕ ಮಾತ್ರ ಇರುತ್ತದೆ. ಬಕೆಟ್ ಹಿಡಿದು ನೋಡಿದ ಮೇಲೆ ಆ ಲೆಕ್ಕ ಬದಲಾಗುತ್ತದೆ.

ಮರ ನೀರು ಕೊಡುತ್ತದೋ, ಕುಡಿಯುತ್ತದೋ

ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಯಾಕೆಂದರೆ ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ.

ಮರ ಇದ್ದಷ್ಟೂ ನೀರು ಎನ್ನುವವರು ಒಂದು ಕಡೆ. ಮರ ನೀರನ್ನೆಲ್ಲ ಹೀರುತ್ತದೆ, ಕಡಿದರೆ ಹಳ್ಳ ಜಾಸ್ತಿ ಹರಿಯುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡರಲ್ಲೂ ಅರ್ಧ ಸತ್ಯ ಇದೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಬೆಟ್ಟಗಳಲ್ಲಿ ಕೊವೀಟಾ ಎಂಬ ಪ್ರಯೋಗಶಾಲೆ 1934ರಿಂದ ಹಳ್ಳಗಳ ನೀರು ಅಳೆಯುತ್ತಿದೆ. ಅಲ್ಲಿ ಇಡೀ ಜಲಾನಯನದ, ಅಂದರೆ ಒಂದು ಹಳ್ಳಕ್ಕೆ ನೀರು ಇಳಿಯುವ ಅಷ್ಟೂ ಜಾಗದ, ಮರ ಕಡಿದು ನೋಡಿದರು, ಹಳ್ಳದ ನೀರು ಹೆಚ್ಚಾಯಿತು. ಚಿಗುರು ಬೆಳೆದ ಹಾಗೆ ಆ ಹೆಚ್ಚಳ ಇಳಿಯಿತು. ಎಲೆ ಉದುರಿಸುವ ಕಾಡು ಕಡಿದು ವರ್ಷವಿಡೀ ಹಸಿರಾಗಿರುವ ಪೈನ್ ನೆಟ್ಟಲ್ಲಿ ಹದಿನೈದು ವರ್ಷದೊಳಗೆ ಹಳ್ಳದ ಹರಿವು ಐದರಲ್ಲಿ ಒಂದು ಪಾಲಿನಷ್ಟು ಕಮ್ಮಿಯಾಯಿತು. ಅಂದರೆ ಯಾವ ಮರ ಎನ್ನುವುದು ಮುಖ್ಯ.

ನಮ್ಮ ಪಕ್ಕದಲ್ಲೇ ಇದಕ್ಕಿಂತ ಹತ್ತಿರದ ಉದಾಹರಣೆ ಇದೆ. ಊಟಿ ಬಳಿಯ ಗ್ಲೆನ್‌ಮಾರ್ಗನ್‌ನಲ್ಲಿ ಎರಡು ಪುಟ್ಟ ಜಲಾನಯನಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಂದನ್ನು ಶೋಲಾ ಕಾಡು ಮತ್ತು ಹುಲ್ಲುಗಾವಲಾಗಿಯೇ ಬಿಟ್ಟರು, ಇನ್ನೊಂದರ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. ಮೊದಲ ಹತ್ತು ವರ್ಷದ ಬೆಳೆಯಲ್ಲಿ ನೀರು ಸುಮಾರು 16 ಶೇಕಡಾ ಇಳಿಯಿತು. ಕಡಿದ ಮೇಲೆ ಬುಡದಿಂದ ಚಿಗುರಿ ಬಂದ ಎರಡನೇ ಬೆಳೆಯಲ್ಲಿ ಸುಮಾರು 25 ಶೇಕಡಾ. ಹಳೇ ಬೇರು ಆಗಲೇ ಆಳಕ್ಕಿಳಿದಿರುತ್ತದಲ್ಲ, ಚಿಗುರು ಮೊದಲ ದಿನದಿಂದಲೇ ಜೋರಾಗಿ ಕುಡಿಯುತ್ತದೆ. ಆ ಬೆಟ್ಟಗಳ ಹೊಳೆಗಳನ್ನೇ ನಂಬಿ ವಿದ್ಯುತ್ ತಯಾರಿಸುವ ಜಲಾಶಯಗಳಿವೆ, ಹಾಗಾಗಿ ಅಲ್ಲಿ ನಾಟಾದ ಲೆಕ್ಕ ಮತ್ತು ನೀರಿನ ಲೆಕ್ಕ ನೇರವಾಗಿ ಎದುರುಬದುರು ನಿಂತವು. ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದಕ್ಕೂ ನೀರೇ ಕಾರಣ.

ಹಾಗಾದರೆ ಕಡಿದರೆ ಒಳ್ಳೆಯದಾ? ನಮ್ಮ ಗುಡ್ಡದಲ್ಲಿ ಅಲ್ಲ. ನಮಗೆ ಮಳೆಗಾಲದಲ್ಲಿ ನೀರಿನ ಕೊರತೆಯೇ ಇಲ್ಲ. ಒಂದು ಎಕರೆ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್. 3,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಎಕರೆಗೆ ಒಂದು ಕೋಟಿ ಇಪ್ಪತ್ತು ಲಕ್ಷ ಲೀಟರ್ ಬೀಳುತ್ತದೆ! ಅದರಲ್ಲಿ ಎಷ್ಟು ಹಳ್ಳಕ್ಕೆ ಓಡಿತು, ಎಷ್ಟು ಗುಡ್ಡದ ಹೊಟ್ಟೆಗೆ ಇಳಿಯಿತು, ಅದೇ ಪ್ರಶ್ನೆ. ಬೋಳು ನೆಲಕ್ಕೆ ಆಷಾಢದ ಮಳೆ ನೇರವಾಗಿ ಹೊಡೆದರೆ ಮೇಲ್ಮಣ್ಣಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ. ನೀರು ಕೆಂಪಗೆ ಮೇಲಿಂದ ಮೇಲೇ ಓಡುತ್ತದೆ. ತರಗೆಲೆ, ಪೊದೆ, ಬೇರು, ಎರೆಹುಳ, ಗೆದ್ದಲು ಇರುವ ನೆಲದಲ್ಲಿ ಅದೇ ಮಳೆ ಇಂಗುತ್ತದೆ. ಉತ್ತರ ಕನ್ನಡದಲ್ಲಿ ಒಳ್ಳೇ ಕಾಡು, ಅಕೇಶಿಯಾ ತೋಪು, ಕೆಟ್ಟುಹೋದ ನೆಲ ಮೂರನ್ನೂ ಅಳೆದು ನೋಡಿದಾಗ ಹೀಗೇ ಕಂಡಿತು. ಇಂಗುವುದು ಕಾಡಿನಲ್ಲಿ ಹೆಚ್ಚು, ಕೆಟ್ಟ ನೆಲದಲ್ಲಿ ಮೇಲೆ ಓಡುವುದು ಹೆಚ್ಚು, ಅಕೇಶಿಯಾ ಇವೆರಡರ ನಡುವೆ.

ಹಾಗಾಗಿ ಲೆಕ್ಕ ಹೀಗೆ. ಮರ ಕುಡಿಯುತ್ತದೆ, ಅದು ಖರ್ಚು. ಮರದ ಕೆಳಗಿನ ನೆಲ ಇಂಗಿಸುತ್ತದೆ, ಅದು ಜಮೆ. ಜೋರು ಮಳೆಯ ಮಲೆನಾಡಿನಲ್ಲಿ, ನೆಲ ಹಾಳಾಗದೆ ಇದ್ದರೆ, ಏಪ್ರಿಲಿನ ಹೊತ್ತಿಗೆ ಜಮೆಯೇ ಹೆಚ್ಚಿರುತ್ತದೆ. ಕಮ್ಮಿ ಮಳೆಯ ಬಯಲುಸೀಮೆ ಗುಡ್ಡದಲ್ಲಿ ಇದೇ ಮಾತು ಹೇಳಲು ನನಗೆ ಧೈರ್ಯವಿಲ್ಲ, ಅಲ್ಲಿ ಒತ್ತೊತ್ತಾಗಿ ಮರ ನೆಟ್ಟರೆ ಖರ್ಚೇ ಮೇಲಾಗಬಹುದು. ದಕ್ಷಿಣ ಆಫ್ರಿಕಾದಲ್ಲಂತೂ 1998ರ ಜಲ ಕಾಯ್ದೆಯಲ್ಲಿ ವ್ಯಾಪಾರಕ್ಕೆ ನೆಡುವ ತೋಪುಗಳನ್ನು ಹೊಳೆಯ ನೀರು ಕಡಿಮೆ ಮಾಡುವ ಚಟುವಟಿಕೆ ಎಂದೇ ಗುರುತಿಸಿ, ನೀರು ಬಳಸುವವರ ಪಟ್ಟಿಗೆ ಸೇರಿಸಿದ್ದಾರೆ.

ನೀರಿಗೆ ರೂಪಾಯಿ ಹಾಕುವುದು

ಅಬ್ಬಿ ನೀರಿಗೆ ಮಾರುಕಟ್ಟೆ ಇಲ್ಲ. ಆದರೆ ಅದು ನಿಂತರೆ ಏನು ಮಾಡುತ್ತೀರಿ? ಅದಕ್ಕೆ ತಗಲುವ ಖರ್ಚೇ ಅದರ ಬೆಲೆ. ಇಲ್ಲಿ ಪ್ರಾಮಾಣಿಕವಾಗಿರಬೇಕು. ಟ್ಯಾಂಕರ್ ಲೆಕ್ಕ ಹಾಕಿದರೆ ಅಂಕಿ ಭಯಂಕರ ದೊಡ್ಡದಾಗುತ್ತದೆ, ಆದರೆ ತೋಟಕ್ಕೆಲ್ಲ ಯಾರೂ ಟ್ಯಾಂಕರ್ ತರಿಸುವುದಿಲ್ಲ. ಇರುವ ದಾರಿಗಳಲ್ಲಿ ಅಗ್ಗದ್ದು ಯಾವುದೋ ಅದನ್ನೇ ಹಿಡಿಯಿರಿ. ನಮ್ಮ ಕಡೆ ಅದು ಸಾಮಾನ್ಯವಾಗಿ ಬೋರ್‌ವೆಲ್ಲೇ.

ಬೋರ್‌ವೆಲ್, ಪಂಪು, ಪೈಪು, ಸಂಪರ್ಕ ಎಲ್ಲ ಸೇರಿ 2,00,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಲೆಕ್ಕ ತೋರಿಸಲು ಇಟ್ಟ ಅಂಕಿ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಹತ್ತು ವರ್ಷ ಬಾಳಿಕೆ, ಬಡ್ಡಿ 8 ಶೇಕಡಾ ಎಂದರೆ ವರ್ಷಕ್ಕೆ ಸುಮಾರು 30,000 ಆಯಿತು. ಪಂಪು ಸುಟ್ಟಿತು, ವೈಂಡಿಂಗ್ ಮಾಡಿಸಬೇಕು, ಕೇಬಲ್ಲು ಹೋಯಿತು, ಇದಕ್ಕೆಲ್ಲ ವರ್ಷಕ್ಕೆ 10,000. ಒಟ್ಟು 40,000. ಪಂಪ್‌ಸೆಟ್ಟಿನ ಕರೆಂಟಿಗೆ ನಾವು ದುಡ್ಡು ಕೊಡುವುದಿಲ್ಲ, ಹಾಗಾಗಿ ಅದನ್ನು ಸೇರಿಸಿಲ್ಲ. ಆದರೆ ಏಪ್ರಿಲಿನಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ನಿಮಗೇ ಗೊತ್ತು. ಅಬ್ಬಿಗೆ ಆ ಕಾಟವಿಲ್ಲ.

ವರ್ಷ ವರ್ಷವೂ 40,000 ಉಳಿಸುವ ಆಸ್ತಿಯ ಬೆಲೆ, 8 ಶೇಕಡಾ ಬಡ್ಡಿಯ ಲೆಕ್ಕದಲ್ಲಿ, 5 ಲಕ್ಷ. ಬ್ಯಾಂಕಿನಲ್ಲಿ 5 ಲಕ್ಷ ಇಟ್ಟರೆ ಬರುವ ಬಡ್ಡಿಯನ್ನು ಆ ಒರತೆ ಸುಮ್ನೆ ಕೊಡುತ್ತಿದೆ. ಇದಕ್ಕೆ ಹೋಲಿಸಿ ನೋಡಲು ಇನ್ನೊಂದು ಅಂಕಿ ಹೇಳುತ್ತೇನೆ: ಇವತ್ತು ನೆಟ್ಟ ಗಿಡದಿಂದ 30 ವರ್ಷದ ನಂತರ ಬರುವ 1 ಲಕ್ಷ ರೂಪಾಯಿಯ ಇವತ್ತಿನ ಬೆಲೆ, ಇದೇ ಬಡ್ಡಿಯಲ್ಲಿ, ಬರೀ 10,000. ನಾಟಾ ದೊಡ್ಡ ಮೊತ್ತ, ಆದರೆ ದೂರದಲ್ಲಿದೆ. ನೀರು ಸಣ್ಣ ಮೊತ್ತ, ಪ್ರತಿ ವರ್ಷ ಬರುತ್ತದೆ. ದೂರದ ದೊಡ್ಡ ಮೊತ್ತಕ್ಕಿಂತ ಹತ್ತಿರದ ಸಣ್ಣ ಮೊತ್ತಗಳ ಸಾಲು ಎಷ್ಟೋ ಸಲ ಹೆಚ್ಚು ತೂಗುತ್ತದೆ.

ನಿಮ್ಮ ಒರತೆಯನ್ನು ಕೆಳಗಿನ ಮನೆಗಳೂ ನಂಬಿದ್ದರೆ ಅವರ ಪಾಲಿನ ಉಳಿತಾಯವೂ ಲೆಕ್ಕಕ್ಕೆ ಬರಬೇಕು. ಅದು ನಿಮ್ಮ ಕಿಸೆಗೆ ಬರುವುದಿಲ್ಲ ನಿಜ. ಆದರೆ ಮಾತಾಡಿದರೆ ಬರಲೂಬಹುದು. ಹಿಮಾಚಲದ ಪಾಲಂಪುರದಲ್ಲಿ ಪೇಟೆಗೆ ನೀರು ಕೊಡುವ ಬೋಹಲ್ ಚಿಲುಮೆಯ ಮೇಲಿನ ಕಾಡನ್ನು ಊರವರು ಕಾಯಬೇಕು, ಪುರಸಭೆ ಅವರಿಗೆ ವರ್ಷಕ್ಕಿಷ್ಟು ಹಣ ಕೊಡಬೇಕು ಎಂದು 2010ರಲ್ಲಿ ಒಪ್ಪಂದವಾಯಿತು. ನ್ಯೂಯಾರ್ಕ್ ನಗರ 1997ರಲ್ಲಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿತು, ನೀರು ಸೋಸುವ ದುಬಾರಿ ಘಟಕ ಕಟ್ಟುವ ಬದಲು ಮೇಲಿನ ಬೆಟ್ಟದ ರೈತರ ಜೊತೆ ಒಪ್ಪಂದ ಮಾಡಿಕೊಂಡಿತು. ನಮ್ಮ ಕೇರಿಯ ಮಟ್ಟದಲ್ಲಿ ಇದು ಕಾಡಿಗೆ ಬೆಂಕಿ ಹಬ್ಬದ ಹಾಗೆ ಬೆಂಕಿ ಗೆರೆ ಗುಡಿಸಲು ಪ್ರತಿ ಮನೆಯಿಂದ ಒಂದು ಆಳು ಎಂಬಷ್ಟು ಸರಳವಾಗಿಯೂ ಇರಬಹುದು.

ಟೇಪು ಹಿಡಿಯಿರಿ

ಇನ್ನು ನಾಟಾ. ಪ್ರತಿ ಮರಕ್ಕೂ ಬಣ್ಣದಲ್ಲಿ ನಂಬರು ಬರೆಯಿರಿ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಸುತ್ತಳತೆ ಹಿಡಿಯಿರಿ. ಇಳಿಜಾರಿನಲ್ಲಿ ಮರದ ಮೇಲ್ಭಾಗದ ಕಡೆ ನಿಂತು ಅಳೆಯಬೇಕು. ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಗುರುತಿನಲ್ಲಿ ಮತ್ತೆ ಅಳೆಯಿರಿ.

ಬಿದ್ದ ದಿಮ್ಮಿಯ ಅಳತೆ ಬಹಳ ಕಡೆ ಈಗಲೂ ಹಳೇ ಪದ್ಧತಿಯದ್ದೇ. ನಡುಭಾಗದ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸಿದರೆ ಕ್ಯೂಬಿಕ್ ಅಡಿ ಸಿಗುತ್ತದೆ. 48 ಇಂಚು ಸುತ್ತಳತೆ, 20 ಅಡಿ ಉದ್ದದ ದಿಮ್ಮಿಗೆ 12 ಗುಣಿಸು 12 ಗುಣಿಸು 20, ಭಾಗಿಸು 144, ಅಂದರೆ 20 ಕ್ಯೂಬಿಕ್ ಅಡಿ. ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ: ಆ ದಿಮ್ಮಿಯಲ್ಲಿ ನಿಜವಾಗಿ ಇರುವ ಮರ 25 ಕ್ಯೂಬಿಕ್ ಅಡಿಗೂ ಮೇಲೆ. ಈ ಪದ್ಧತಿ ನೂರಕ್ಕೆ 21 ಪಾಲನ್ನು ಹಲಗೆ ಕೊಯ್ಯುವಾಗ ಹೋಗುವ ನಷ್ಟ ಎಂದು ಮೊದಲೇ ಬಿಟ್ಟುಬಿಡುತ್ತದೆ. ಅದರ ಮೇಲೆ ತೊಗಟೆಗೆಂದು ಮತ್ತೆ ಕಳೆಯುತ್ತೇವೆ, ಸೀಳಿಗೆಂದು ಮತ್ತೆ ಕಳೆಯುತ್ತೇವೆ ಎಂದರೆ ಸುಮ್ಮನೆ ಒಪ್ಪಿಕೊಳ್ಳಬೇಡಿ.

ಈಗ ಮರ ಕಾಯಬೇಕೋ ಕಡಿಯಬೇಕೋ ಎಂದು ಟೇಪಿನಲ್ಲೇ ನೋಡುವುದು ಹೇಗೆ? ನಿಮ್ಮ ಮರಗಳು ವರ್ಷಕ್ಕೆ ಒಂದು ಇಂಚು ಸುತ್ತಳತೆ ಕೂಡಿಸುತ್ತವೆ ಎಂದಿಟ್ಟುಕೊಳ್ಳಿ. 24 ಇಂಚಿನ ಮರ 25 ಆದರೆ ನಾಟಾ 8.5 ಶೇಕಡಾ ಹೆಚ್ಚಿತು. 36 ಇಂಚಿನದು 37 ಆದರೆ 5.6 ಶೇಕಡಾ. 48 ಇಂಚಿನದು 49 ಆದರೆ 4.2. 60 ಇಂಚಿನದು 61 ಆದರೆ 3.4. ಒಂದೇ ಇಂಚು, ಆದರೆ ಮರ ದಪ್ಪವಾದ ಹಾಗೆ ಅದು ಕೊಡುವ ಬಡ್ಡಿ ಇಳಿಯುತ್ತದೆ. ಬ್ಯಾಂಕು 8 ಕೊಡುತ್ತಿರುವಾಗ ಮರ 4 ಕೊಟ್ಟರೆ ಕಡಿದು ಬ್ಯಾಂಕಿನಲ್ಲಿಡು ಎನ್ನುವುದು ವ್ಯಾಪಾರಿಯ ತರ್ಕ. ನಿಮಗೆ 11 ಶೇಕಡಾ ಸಾಲ ಇದ್ದರೆ ಆ 11ರ ಜೊತೆಗೇ ಹೋಲಿಸಬೇಕು. ದಪ್ಪ ಮರಕ್ಕೆ ಕ್ಯೂಬಿಕ್ ಅಡಿಗೆ ಹೆಚ್ಚು ದರ ಸಿಗುತ್ತದೆ, ನಾಟಾ ದರವೂ ವರ್ಷ ವರ್ಷ ಏರುತ್ತದೆ. ಆ ಏರಿಕೆಯನ್ನು ಮರದ ಕಡೆ ಕೂಡಿಸಲು ಮರೆಯಬೇಡಿ. ಸಿಲ್ವರ್ ಓಕ್ ಬೆಳೆದವರಿಗೆ ಇದು ಚೆನ್ನಾಗಿ ಗೊತ್ತು, ಒಂದು ಸುತ್ತಳತೆ ದಾಟಿದ ಕೂಡಲೇ ದರ ಮೆಟ್ಟಿಲು ಹತ್ತುತ್ತದೆ. ಮೆಟ್ಟಿಲಿಗೆ ಎರಡು ಇಂಚು ಬಾಕಿ ಇರುವಾಗ ಕಡಿಸಿದರೆ ಅದು ಶುದ್ಧ ನಷ್ಟ.

ಈ ಲೆಕ್ಕಕ್ಕೆ ದೊಡ್ಡ ಇತಿಹಾಸವಿದೆ. 1849ರಲ್ಲಿ ಮಾರ್ಟಿನ್ ಫೌಸ್ಟ್‌ಮನ್ ಎಂಬ ಜರ್ಮನ್ ಅರಣ್ಯಾಧಿಕಾರಿ ಒಂದು ಸೂತ್ರ ಬರೆದ. ನಿಂತ ಮರದ ಮೇಲಿನ ಬಡ್ಡಿ ಮಾತ್ರ ಅಲ್ಲ, ಮುಂದಿನ ಬೆಳೆಗೆ ಕಾದಿರುವ ನೆಲದ ಬಾಡಿಗೆಯನ್ನೂ ಸೇರಿಸಿ ನೋಡಿ ಎಂದ. ಹಾಗೆ ನೋಡಿದರೆ ಇನ್ನೂ ಬೇಗ ಕಡಿಯಬೇಕು ಎಂದು ಬರುತ್ತದೆ. 1976ರಲ್ಲಿ ರಿಚರ್ಡ್ ಹಾರ್ಟ್‌ಮನ್ ಎಂಬ ಅರ್ಥಶಾಸ್ತ್ರಜ್ಞ ಅದಕ್ಕೊಂದು ಸಾಲು ಕೂಡಿಸಿದ: ಮರ ನಿಂತಿರುವಾಗಲೇ ನೀರಿನ ಹಾಗೆ ಏನಾದರೂ ಕೊಡುತ್ತಿದ್ದರೆ ಅದನ್ನೂ ಸೇರಿಸಿ. ಆಗ ಸಾಮಾನ್ಯವಾಗಿ ಕಡಿಯುವ ವರ್ಷ ಮುಂದಕ್ಕೆ ಹೋಗುತ್ತದೆ. ಕೆಲವೊಮ್ಮೆ ಪೂರ್ತಿ ಕಡಿಯುವ ವರ್ಷ ಬರುವುದೇ ಇಲ್ಲ.

ಎರಡನ್ನೂ ಒಂದೇ ಹಾಳೆಯಲ್ಲಿ

ಒಂದು ಉದಾಹರಣೆ ಮಾಡೋಣ, ಇಲ್ಲೂ ದರ ನಿಮ್ಮದು ಹಾಕಿಕೊಳ್ಳಿ. ಎರಡು ಎಕರೆ ಗುಡ್ಡ, 200 ಮರ, ಸರಾಸರಿ 36 ಇಂಚು ಸುತ್ತಳತೆ, 24 ಅಡಿ ಉದ್ದ. ಮರಕ್ಕೆ 13.5 ಕ್ಯೂಬಿಕ್ ಅಡಿ, ಒಟ್ಟು 2,700. ನಿಂತಲ್ಲೇ ಕ್ಯೂಬಿಕ್ ಅಡಿಗೆ 350 ರೂಪಾಯಿ ಎಂದರೆ 9,45,000.

ಇವತ್ತು ಕಡಿದು ಬ್ಯಾಂಕಿಗೆ ಹಾಕಿದರೆ ವರ್ಷಕ್ಕೆ ಬಡ್ಡಿ 75,600. ಬಿಟ್ಟರೆ ಬೆಳೆಯುವ ನಾಟಾ 5.6 ಶೇಕಡಾ, ಅಂದರೆ ಸುಮಾರು 53,000. ಇಷ್ಟೇ ನೋಡಿದರೆ ಕಡಿಯಬೇಕು. ನೀರಿನ 40,000 ಸೇರಿಸಿ ನೋಡಿ. 93,000 ಆಯಿತು. ಈಗ ಬಿಡುವುದೇ ಲಾಭ!

ಹನ್ನೆರಡು ವರ್ಷ ಬಿಟ್ಟಿರಿ, ಮರ 48 ಇಂಚಾಯಿತು. ಮರಕ್ಕೆ 24 ಕ್ಯೂಬಿಕ್ ಅಡಿ, ಒಟ್ಟು 4,800. ದಪ್ಪ ಮರ, ಅಡಿಗೆ 400 ಎಂದರೆ 19,20,000. ಬಡ್ಡಿ ವರ್ಷಕ್ಕೆ 1,53,600. ಬೆಳವಣಿಗೆ 4.2 ಶೇಕಡಾ, ಸುಮಾರು 80,000, ನೀರು ಸೇರಿಸಿ 1,20,000. ಈಗ ಕಾಯುವುದು ನಷ್ಟ. ಹಾಗೆಂದು ಪೂರ್ತಿ ಬೋಳು ಮಾಡಬೇಕೆಂದಿಲ್ಲ. ಅರ್ಧ ಮರ ತೆಗೆಯಿರಿ. ಕೈಗೆ 9,60,000 ಬಂತು. ಉಳಿದ ನೂರು ಮರವನ್ನೂ ಮಾರಿದ್ದರೆ ಬರುತ್ತಿದ್ದ ಬಡ್ಡಿ 76,800. ಅವುಗಳ ಬೆಳವಣಿಗೆ 40,000, ನೀರು 40,000, ಸೇರಿ 80,000. ಮತ್ತೆ ಕಾಯುವುದೇ ಸ್ವಲ್ಪ ಮೇಲಾಯಿತು. ಜೊತೆಗೆ ಪಕ್ಕದ ಮರ ಹೋಗಿ ಬಿಸಿಲು ಬಿದ್ದದ್ದರಿಂದ ಉಳಿದವು ಮೊದಲಿಗಿಂತ ಬೇಗ ದಪ್ಪವಾಗುತ್ತವೆ.

ಇದರಲ್ಲಿ ಒಂದು ಷರತ್ತು ಅಡಗಿದೆ. ಅರ್ಧ ಮರ ತೆಗೆದರೂ ನೀರಿನ 40,000 ಹಾಗೇ ಉಳಿಯುತ್ತದೆ ಎಂದು ಹಿಡಿದಿದ್ದೇನೆ. ಅದು ಉಳಿಯುವುದು ನೆಲ ಕೆಡದಿದ್ದರೆ ಮಾತ್ರ. ಹಾಗಾಗಿ ಒಂದೇ ವರ್ಷ ನೂರು ಮರ ತೆಗೆಯುವ ಬದಲು ಎರಡು ವರ್ಷ ಬಿಟ್ಟು ಬಿಟ್ಟು ಮೂರು ಕಂತಿನಲ್ಲಿ ತೆಗೆಯುವುದು ನನ್ನ ಆಯ್ಕೆ. ವ್ಯಾಪಾರಿಗೆ ಇದು ಇಷ್ಟವಾಗುವುದಿಲ್ಲ, ಸಣ್ಣ ಲಾಟು ಎಂದು ಅಡಿಗೆ ಹತ್ತಿಪ್ಪತ್ತು ರೂಪಾಯಿ ಕಡಿಮೆ ಹೇಳುತ್ತಾನೆ. ಆ ಕಡಿತ ಎಷ್ಟೆಂದು ನೋಡಿ, ನೀರಿನ ಬೆಲೆಯ ಜೊತೆ ಇಟ್ಟು ತೂಗಿ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಂದೇ ವರ್ಷ ಸ್ವಲ್ಪ ಸ್ವಲ್ಪ ಕೊಟ್ಟರೆ ಲಾಟು ದೊಡ್ಡದೇ ಆಗುತ್ತದೆ, ದರವೂ ಸಿಗುತ್ತದೆ.

ಯಾವ ಮರ, ಹೇಗೆ

ಒರತೆಯ ತಲೆಯ ಮೇಲೆ ಮತ್ತು ಹಳ್ಳದ ಎರಡೂ ಬದಿ 50 ಅಡಿ ಮುಟ್ಟಬೇಡಿ, ಅಲ್ಲಿ ಎಂಥಾ ನಂದಿ, ಮತ್ತಿ ಇದ್ದರೂ. ಮೊದಲು ಹೋಗಬೇಕಾದವು ಅಕೇಶಿಯಾ, ನೀಲಗಿರಿ, ಬೆಳವಣಿಗೆ ನಿಂತ ಮುದಿ ಮರ, ಡೊಂಕು ಮರ. ಟೇಪು ಹಿಡಿದ ನೋಟ್‌ಬುಕ್ಕಿನಲ್ಲಿ ವರ್ಷಕ್ಕೆ ಅರ್ಧ ಇಂಚೂ ಬೆಳೆಯದ ಮರಗಳು ತಾವಾಗಿಯೇ ಕಾಣುತ್ತವೆ. ತೇಗ, ಮತ್ತಿ ಬುಡದಿಂದ ಚೆನ್ನಾಗಿ ಚಿಗುರುತ್ತವೆ, ಬುಡ ಸೀಳದ ಹಾಗೆ ನೆಲಕ್ಕೆ ಹತ್ತಿರದಲ್ಲಿ ಓರೆಯಾಗಿ ಕೊಯ್ಯಿಸಿ. ಬುಡ ಕೀಳಿಸಲೇಬೇಡಿ.

ಹಾಳು ಮಾಡುವುದು ಗರಗಸಕ್ಕಿಂತ ದಾರಿ. ದಿಮ್ಮಿ ಎಳೆಯಲು ಜೆಸಿಬಿ ತಂದು ಇಳಿಜಾರಿಗೆ ನೇರವಾಗಿ ದಾರಿ ಕೊರೆದರೆ ಮಳೆಗಾಲದಲ್ಲಿ ಅದೇ ಹಳ್ಳವಾಗುತ್ತದೆ. ದಾರಿ ಅಡ್ಡಡ್ಡವಾಗಿ, ಗುಡ್ಡದ ಮಟ್ಟ ಹಿಡಿದು ಹೋಗಬೇಕು. ಕೆಲಸ ಮುಗಿದ ದಿನವೇ ದಾರಿಗೆ ಅಲ್ಲಲ್ಲಿ ಓರೆ ಕಟ್ಟೆ ಹಾಕಿ, ನೀರನ್ನು ಪಕ್ಕದ ಪೊದೆಗೆ ತಿರುಗಿಸಿ. ಎಲ್ಲ ಕೆಲಸವೂ ಡಿಸೆಂಬರಿನಿಂದ ಫೆಬ್ರವರಿಯೊಳಗೆ, ನೆಲ ಗಟ್ಟಿಯಾಗಿರುವಾಗ ಮುಗಿಯಲಿ. ರೆಂಬೆ, ಸೊಪ್ಪನ್ನು ಸುಡಬೇಡಿ, ಇಳಿಜಾರಿಗೆ ಅಡ್ಡವಾಗಿ ಹಾಸಿ. ಅದೇ ಮೊದಲ ಮಳೆಯ ಹೊಡೆತ ತಡೆಯುವ ಹೊದಿಕೆ. ತರಗೆಲೆಯನ್ನೂ ಪೂರ್ತಿ ಗುಡಿಸಿ ಕೊಟ್ಟಿಗೆಗೆ ತರಬೇಡಿ, ಗುಡ್ಡದ ಪಾಲು ಗುಡ್ಡಕ್ಕೆ ಬಿಡಿ.

ಕಡಿದಾದ ಇಳಿಜಾರಿನಲ್ಲಿ, ಮನೆಯ ಹಿಂದೆ ಗುಡ್ಡ ಕಡಿದು ನಿಲ್ಲಿಸಿದ ಧರೆಯ ಮೇಲೆ, ಇನ್ನೂ ಜಾಗ್ರತೆ ಬೇಕು. ಕಡಿದ ಮರದ ಬೇರು ಕೊಳೆಯಲು ಕೆಲವು ವರ್ಷ ಬೇಕು, ಹೊಸ ಮರದ ಬೇರು ಮಣ್ಣನ್ನು ಬಿಗಿಯಲು ಅದಕ್ಕಿಂತ ಹೆಚ್ಚು ವರ್ಷ ಬೇಕು. ನಡುವಿನ ಆ ವರ್ಷಗಳಲ್ಲಿ ಗುಡ್ಡಕ್ಕೆ ಹಿಡಿತವಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಜಾಗದಲ್ಲಿ ಇಂಗುಗುಂಡಿ ತೋಡುವುದೂ ಬೇಡ. ಇಂಗುಗುಂಡಿ ಒಳ್ಳೆಯದೇ, ಆದರೆ ತೀರಾ ಇಳಿಜಾರಿನಲ್ಲಿ ನಿಲ್ಲಿಸಿದ ನೀರು ಮಣ್ಣನ್ನು ಹೊತ್ತುಕೊಂಡೇ ಇಳಿಯಬಹುದು.

ಕಾಗದ ಪತ್ರದ ವಿಷಯ ಚುಟುಕಾಗಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಸಾಗಣೆಯ ಪರವಾನಗಿ ಬೇರೆ, ಎರಡನ್ನೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಬೀಟೆ, ತೇಗ, ಹೊನ್ನೆ ಇದ್ದರೆ ಆ ಮರದ ಹಕ್ಕು ನಿಮ್ಮದೋ ಸರ್ಕಾರದ್ದೋ ಎಂದು ಜಮೀನಿನ ಮಂಜೂರಾತಿ ಕಾಗದದಲ್ಲಿ ನೋಡಿಸಿ. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು, ನಿಮ್ಮ ಹೆಸರಿಗೆ ಅನುಭವದಲ್ಲಿದ್ದರೂ ನಾಟಾ ನಿಮ್ಮದಲ್ಲ, ಅಲ್ಲಿ ಇರುವುದು ಸೊಪ್ಪು, ತರಗೆಲೆಯಂಥ ಸೌಲಭ್ಯ ಮಾತ್ರ.

ವ್ಯಾಪಾರಿಯ ಜೊತೆ ಬಾಯಿಮಾತು ಬೇಡ. ಕಡಿಯುವ ಮರಗಳ ನಂಬರು, ಸುತ್ತಳತೆ, ಅಡಿಗೆ ದರ, ಮುಗಿಸುವ ದಿನಾಂಕ, ದಾರಿ ಎಲ್ಲಿ, ಉಳಿಸುವ ಮರ ಮುರಿದರೆ ಎಷ್ಟು ಕಟ್ಟಬೇಕು, ಇಷ್ಟನ್ನೂ ಬರೆಸಿಕೊಳ್ಳಿ. ಲಾರಿ ಗೇಟು ದಾಟುವ ಮೊದಲು ಆ ಲೋಡಿನ ದುಡ್ಡು ಕೈಗೆ ಬರಲಿ. ನಾವು ಕಣ್ಣಂದಾಜಿನ ಲಾಟಿಗೆ ಕೊಟ್ಟೆವು. ಉಳಿದ ಬುಡಗಳ ಅಡ್ಡಳತೆ ಹಿಡಿದು ಆಮೇಲೆ ಲೆಕ್ಕ ಹಾಕಿದಾಗ ಸಿಕ್ಕಬೇಕಾದ್ದರಲ್ಲಿ ಮೂರನೇ ಒಂದು ಪಾಲು ಬಂದೇ ಇರಲಿಲ್ಲ.

ಕಡಿದ ವರ್ಷವೂ ಬಕೆಟ್ ನಿಲ್ಲಿಸಬೇಡಿ. ಅದೇ ಜಾಗ, ಅದೇ ತಾರೀಖು. ಮೊದಲ ವರ್ಷ ನೀರು ಸ್ವಲ್ಪ ಹೆಚ್ಚಾಗಿ ಕಂಡರೆ ಅದನ್ನು ನಂಬಿ ಎರಡನೇ ಕಂತಿಗೆ ಕೈ ಹಾಕಬೇಡಿ, ಅದು ಕುಡಿಯುವ ಮರ ಕಡಿಮೆಯಾದದ್ದರ ಫಲ, ನೆಲ ಹೇಗಿದೆ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಎರಡು ಬೇಸಿಗೆಯ ಏಪ್ರಿಲ್ ಅಂಕಿ ಹಳೇ ಅಂಕಿಯ ಹತ್ತಿರ ಇದ್ದರೆ ಮುಂದಿನ ಕಂತು ತೆಗೆಯಿರಿ. ಇಳಿದಿದ್ದರೆ ಎಲ್ಲಿ ಮಣ್ಣು ಕೊಚ್ಚಿದೆ ಎಂದು ಜೂನ್ ತಿಂಗಳ ಜೋರು ಮಳೆಯಲ್ಲಿ, ಕೊಪ್ಪೆ ಹಾಕಿಕೊಂಡು, ಗುಡ್ಡ ಹತ್ತಿ ನೋಡಿ. ಕೆಂಪು ನೀರು ಎಲ್ಲಿಂದ ಶುರುವಾಗುತ್ತದೋ ಮೊದಲು ಅಲ್ಲಿ ರೆಂಬೆ ಹಾಸಿ, ಕಟ್ಟೆ ಹಾಕಿ.